ಮನಿ ಕೊಟ್ಟಾಕಿ

ಮುಂಬಯಿಯ ಮಲಾಡಿನ ಪೂರ್ವಕ್ಕೆ, ಬಸ್ಸು ತಿರುಗಿಸಿಕೊಳ್ಳುವ ಜಾಗದಿಂದ ಅರ್ಧ ಗಂಟೆ ಗುಡ್ಡ ಹತ್ತಿದರೆ ಕಲ್ಲಿನ ಖಣಿ ಸಿಗುತ್ತಿತ್ತು. ಅಲ್ಲಿ ಜಲ್ಲಿ ಒಡೆದು ಬದುಕಿದವಳು ರಾಚವ್ವ, ವಿಜಾಪುರ ಸೀಮೆಯವಳು. ಗಂಡ ಖಣಿಯ ಸಿಡಿಮದ್ದಿಗೆ ಸಿಕ್ಕು ಸತ್ತಾಗ, ಕೂಲಿಗಳ ಮೇಲಿನ ಮೇಸ್ತ್ರಿಯಾದ ಮುಕಾದಮ ಅವಳಿಗೆ ಒಂದು ಸೀರೆಯನ್ನೂ ಊರಿಗೆ ಹೋಗಲು ರೈಲಿನ ಟಿಕೇಟನ್ನೂ ಕೊಟ್ಟ. ಸೀರೆ ಇಟ್ಟುಕೊಂಡಳು. ಟಿಕೇಟು ಹರಿದು ಅವನ ಕಾಲಬುಡಕ್ಕೆ ಎಸೆದು ಮರುದಿನ ಅದೇ ಸುತ್ತಿಗೆ ಹಿಡಿದು ಕೂತಳು. ಬಾಯಿ ಖಾರ, ದುಡಿಮೆ ಗಟ್ಟಿ. ಗುಡ್ಡದಲ್ಲಿ ಅವಳನ್ನು ಕಂಡರೆ ಪ್ರೀತಿ ಇದ್ದವರು ಕಡಿಮೆ, ಅವಳಿಲ್ಲದೆ ನಡೆಯುತ್ತದೆ ಎನ್ನುವವರು ಇನ್ನೂ ಕಡಿಮೆ.

ಎಪ್ಪತ್ತಾರರಲ್ಲಿ ಸರಕಾರ ಮುಂಬಯಿಯ ಗುಡಿಸಲುಗಳನ್ನೆಲ್ಲ ಎಣಿಸಿತು. ನಂಬರು ಬರೆದ ಹಲಗೆಯೊಂದನ್ನು ರಾಚವ್ವನ ಕೈಗೆ ಕೊಟ್ಟು, ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಅದನ್ನು ಅಂಟಿಸಿ ಠಸ್ಸೆ ಹೊಡೆದ ಕಾಗದವೇ ಫೋಟೋ ಪಾಸು. ಅದಿದ್ದವರ ಮನೆಯನ್ನು ಸುಮ್ಮನೆ ಒಡೆಯುವಂತಿಲ್ಲ. ಒಡೆದರೆ ಬೇರೆ ಜಾಗ ತೋರಿಸಬೇಕು. ಗಂಡನ ಹೆಸರಿನ ಒಂದು ಚೀಟಿಯೂ ಇಲ್ಲದ ಹೆಂಗಸಿಗೆ ಆ ಪಾಸೇ ಗಂಡ, ಅದೇ ಹೊಲ.

ಎಂಬತ್ತೈದರ ಮಳೆಗಾಲ ಮುಗಿದ ಮೇಲೆ ಅವಳ ಸೀಮೆಯ ಹನ್ನೊಂದು ಕುಟುಂಬಗಳು ಖಣಿಯ ಕೆಲಸಕ್ಕೆ ಬಂದವು. ಎಲ್ಲಿ ಇರಬೇಕು ಎಂದು ಕೇಳಿದಾಗ ರಾಚವ್ವ ತನ್ನ ಗುಡಿಸಲಿನ ಪಕ್ಕದ ಸರಕಾರಿ ಜಾಗದಲ್ಲಿ ಹೆಜ್ಜೆಯಿಂದ ಅಳೆದು ಗೆರೆ ಹಾಕಿದಳು. ಪಾಯಕ್ಕೆ ಕಲ್ಲನ್ನು ಅವರ ಜೊತೆ ತಾನೂ ಹೊತ್ತಳು. ಬಿದಿರು, ತಗಡು ಕೊಟ್ಟವನು ಸದಾನಂದ. ಕರಾವಳಿ ಕಡೆಯವನು, ಗೋರೆಗಾಂವ್‌ನಲ್ಲಿ ವಖಾರಿ ಇಟ್ಟಿದ್ದ. ಸಾಮಾನು ಮೊದಲು ಕೊಡುತ್ತಿದ್ದ, ಆಮೇಲೆ ಪ್ರತಿ ತಿಂಗಳೂ ಒಂದರ ಜಾಗದಲ್ಲಿ ಎರಡು ವಸೂಲು ಮಾಡುತ್ತಿದ್ದ. ವಾರ್ಡಿನಿಂದ ಆರಿಸಿಬಂದ ನಗರಸೇವಕನಿಗೆ ಬೇಕಾದವನು. ಆರು ತಿಂಗಳಲ್ಲಿ ಅವರ ಸಾಲಿಗೆ ಸರಕಾರದ ಖರ್ಚಿನಲ್ಲೇ ನಳ ಬಂತು, ಮುಂದಿನ ಬೇಸಿಗೆಗೆ ದೀಪದ ಕಂಬ ಬಂತು. ಅನಧಿಕೃತವಾದ ಮನೆಗಳಿಗೆ ಅಧಿಕೃತವಾದ ನೀರು. ಕಂಬ ನೆಟ್ಟ ಎರಡು ತಿಂಗಳಿಗೆ ಅದೇ ಸರಕಾರದ ಇನ್ನೊಂದು ಕಚೇರಿಯಿಂದ ಹನ್ನೊಂದು ಗುಡಿಸಲನ್ನೂ ಕೆಡವಿ, ಇವಕ್ಕೆ ದುಡ್ಡು ಹಾಕಿದವರು ಯಾರೆಂದು ಹುಡುಕಿ ಎಂಬ ಹುಕುಂ ಹೊರಟಿತು.

ಹುಡುಕಲು ಬಂದವನು ನಂಜುಂಡ. ಮೈಸೂರಿನವನು, ಸಯನ್‌ನಲ್ಲಿ ಮನೆ, ಆ ಕಚೇರಿಯಲ್ಲಿ ಗುಮಾಸ್ತ. ಗುಡ್ಡದಲ್ಲಿರುವವರು ಕನ್ನಡದವರು, ನೀನೂ ಕನ್ನಡದವನು ಎಂದು ಸಾಹೇಬರು ಅವನನ್ನೇ ಕಳಿಸಿದ್ದರು. ಶೂಸಿಗೆ ಕೆಂಪು ಧೂಳು ಹತ್ತಿದ ಸಿಟ್ಟು ಅವನಿಗೆ. ಇಪ್ಪತ್ತು ವರ್ಷ ಮುಂಬಯಿಯಲ್ಲಿದ್ದು ಅವನ ಮಾತಿನಲ್ಲಿ ದುಡ್ಡು ಎಂಬ ಪದ ಸವೆದುಹೋಗಿ ಇಂಗ್ಲಿಷಿನ 'ಮನಿ' ಉಳಿದಿತ್ತು.

"ಈ ಹನ್ನೊಂದು ಜನಕ್ಕೂ ಮನಿ ಯಾರಮ್ಮ ಕೊಟ್ಟಿದ್ದು?" ಎಂದು ಕೇಳಿದ.

ರಾಚವ್ವನ ಸೀಮೆಯಲ್ಲಿ ಮನೆಗೆ ಮನಿ ಎನ್ನುತ್ತಾರೆ, ದುಡ್ಡಿಗೆ ರೊಕ್ಕ. ಅವಳು ಎದೆ ಸೆಟೆಸಿ, "ನಾನ ಕೊಟ್ಟೀನ್ರಿ. ಹನ್ನೊಂದು ಮಂದೀಗೂ ನಾನ," ಎಂದಳು.

"ಎಲ್ಲಿಂದ ತಂದೆ?"

"ಎಲ್ಲಿಂದ ತರೂದು? ಕೆಳಗಿನ ಖಣಿಯಿಂದ ತಲಿಮ್ಯಾಲ ಹೊತ್ತು ತಂದೀನಿ."

"ವಾಪಸ್ ಕೊಡ್ತಾರಾ?"

"ಕೊಟ್ಟ ಮನಿ ಯಾರರ ವಾಪಸ್ ಇಸಗೊಂತಾರೇನ್ರಿ? ಒಳ್ಳೇ ಮಾತ ಕೇಳ್ತೀರಿ."

ನಂಜುಂಡ ಇದನ್ನೆಲ್ಲ ಮರಾಠಿಯಲ್ಲಿ ಬರೆದುಕೊಂಡ. ಮನಿ ಬಂದ ಕಡೆಯೆಲ್ಲ ಪೈಸೆ ಎಂದು ಹಾಕಿದ. ಹನ್ನೊಂದು ಕುಟುಂಬಗಳಿಗೆ ಹಣ ಕೊಟ್ಟದ್ದನ್ನು ಈಕೆ ಒಪ್ಪಿದ್ದಾಳೆ, ಖಣಿಯಿಂದ ತಾನೇ ಹೊತ್ತು ತಂದಿದ್ದಾಳೆ, ಹಿಂದಿರುಗಿಸುವ ಕರಾರಿಲ್ಲ. ಜಲ್ಲಿ ಒಡೆಯುವವಳ ಹತ್ತಿರ ತಲೆಹೊರೆಯಷ್ಟು ಹಣ ಎಲ್ಲಿಂದ ಬರಬೇಕು ಎಂದು ಅವನಿಗೆ ಅನ್ನಿಸಲಿಲ್ಲ. ಹೆಸರು ಸಿಕ್ಕಿತ್ತು, ಹೊತ್ತಾಗುತ್ತಿತ್ತು. ಅವಳು ಹೆಬ್ಬೆಟ್ಟು ಒತ್ತಿದಳು.

ಹದಿನೈದು ದಿನಕ್ಕೆ ನೋಟೀಸು ಅವಳ ಬಾಗಿಲಿಗೇ ಬಂತು. ಮರಾಠಿ ಓದಬಲ್ಲವನು ಅಲ್ಲಿ, ವಸೂಲಿಗೆ ಗುಡ್ಡ ಹತ್ತಿ ಬಂದಿದ್ದ ಸದಾನಂದನೊಬ್ಬನೇ. ಅವನು ಓದುತ್ತ ಓದುತ್ತ ಮುಗುಳ್ನಕ್ಕ. ಅನಧಿಕೃತ ಗುಡಿಸಲುಗಳಿಗೆ ಹಣ ಹೂಡಿದ್ದರಿಂದ ರಾಚವ್ವನ ಪಾಸು ರದ್ದು. ಆಕ್ಷೇಪವಿದ್ದರೆ ಮಂಗಳವಾರ ಹಾಜರಾಗಬೇಕು. ಇಲ್ಲವಾದರೆ ಮೊದಲು ಕೆಡವುವುದು ಅವಳ ಗುಡಿಸಲನ್ನೇ.

"ರೊಕ್ಕ ಕೊಟ್ಟಾಂವ ನೀ. ನನ್ನ ಹೆಸರು ಹೆಂಗ ಬಂತು?" ಎಂದು ರಾಚವ್ವ ಅವನ ಕೊರಳಪಟ್ಟಿಗೆ ಕೈ ಹಾಕಿದಳು.

"ನಾನೆಂತ ಮಾಡುದು ಮಾರಾಯ್ತಿ? ನೀವೇ ಒಪ್ಪಿದ್ದಲ್ವಾ, ಹೆಬ್ಬೆಟ್ಟು ಉಂಟು," ಎಂದು ಅವನು ಕೈ ಕೊಡವಿಕೊಂಡು ಇಳಿದುಹೋದ. ಹೋಗುವಾಗ ದಾರಿಯುದ್ದಕ್ಕೂ ನೋಟೀಸಿನ ಒಕ್ಕಣೆಯನ್ನು ಹೇಳಿಕೊಂಡೇ ಹೋದ.

ಸಂಜೆಗೆ ಹನ್ನೊಂದು ಮನೆಗಳ ಹೆಂಗಸರೂ ಮುಖ ತಿರುಗಿಸಿದರು. ಸರಕಾರ ಬರೆದದ್ದು ಸುಳ್ಳಿರಲಾರದು, ಸದಾನಂದ ವಸೂಲು ಮಾಡುತ್ತಿದ್ದುದು ಇವಳ ರೊಕ್ಕವನ್ನೇ ಇರಬೇಕು ಎಂದು ಅವರ ಎಣಿಕೆ. ರುದ್ರವ್ವ ಎಂಬವಳು ಬಾಗಿಲಿಗೇ ಬಂದು ನಿಂತಳು. ಹಿಂದಿನ ಮಳೆಗಾಲ ಅವಳ ಕೂಸು ಜ್ವರ ಬಂದು ತೀರಿಕೊಂಡಿತ್ತು.

"ನಿನ್ನ ಹಂತೇಕ ಅಷ್ಟು ರೊಕ್ಕ ಇತ್ತಂದ್ರ, ನಾ ಔಷಧಕ್ಕ ಕೇಳಿದಾಗ ಯಾಕ ಇಲ್ಲಂದಿ?" ಎಂದಳು.

ಆವತ್ತು ರಾಚವ್ವನ ಹತ್ತಿರ ನಿಜವಾಗಿಯೂ ಏನೂ ಇರಲಿಲ್ಲ. ಹಾಗೆಂದು ಹೇಳಿದಳು. ರುದ್ರವ್ವ ಹೊಸ್ತಿಲಿಗೆ ಉಗಿದು ಹೋದಳು.

ಮಂಗಳವಾರ ಕಚೇರಿಯ ಹೊರಗಿನ ಬೆಂಚಿನ ಹತ್ತಿರ ನಂಜುಂಡ ಸಿಕ್ಕಿದ. ರಾಚವ್ವ ಅವನಿಗೆ ಅಡ್ಡ ನಿಂತು, "ನನ್ನ ಮನಿ ಕೆಡವಾಕ ನಿನಗ ಹೆಂಗ ಕೈ ಬಂತು? ನನ್ನ ಮನಿ, ನಾ ಕಟ್ಟಿದ ಮನಿ," ಎಂದಳು. ಮೂರನೆಯ ಸಲ ಆ ಪದ ಕಿವಿಗೆ ಬಿದ್ದಾಗ ನಂಜುಂಡನ ಮುಖ ಇಳಿದುಹೋಯಿತು. ಮೆಲ್ಲಗೆ, ನೀವು ಅವತ್ತು ಹೇಳಿದ್ದು ಮನೆ ಅಂತಲೋ ಎಂದು ಕೇಳಿದ. ಮತ್ತೇನು ಎಂದಳು. ಅವನು ಅತ್ತಿತ್ತ ನೋಡಿ ಅವಳನ್ನು ಮೂಲೆಗೆ ಕರೆದ.

"ನೋಡಿ, ಫೈಲು ಮೇಲಕ್ಕೆ ಹೋಗ್ಬಿಟ್ಟಿದೆ. ಈಗ ತಪ್ಪು ಅಂತ ನಾನು ಹೇಳಿದ್ರೆ ನನ್ನ ಕೆಲಸಕ್ಕೇ ಕುತ್ತು ಬರುತ್ತೆ. ನೀವು ಒಳಗಡೆ ಸುಮ್ನೆ ಅತ್ಬಿಡಿ. ಸಾಹೇಬ್ರು ಕರಗ್ತಾರೆ."

"ನನ್ನ ಗಂಡ ಸತ್ತಾಗ ಮುಕಾದಮನ ಮುಂದ ಅತ್ತಿಲ್ಲ ನಾ. ನಿನ್ನ ನೌಕರಿಗೆ ಅಳ್ಳೇನು?" ಎಂದು ಹೇಳಿ ಒಳಗೆ ನಡೆದಳು.

ಸಾಹೇಬರು ಮರಾಠಿಯವರು. ನಂಜುಂಡ ಅವಳ ಮಾತನ್ನು ತಿರುಗಿಸಿ ಹೇಳಬೇಕಿತ್ತು. ಅವನು ಬಾಯಿ ತೆರೆಯುವ ಮೊದಲೇ ರಾಚವ್ವ ಖಣಿಯಲ್ಲಿ ಕಲಿತ ಹರಕು ಮರಾಠಿಯಲ್ಲಿ ತಾನೇ ಶುರುಮಾಡಿದಳು.

"ಸಾಹೇಬ್, ಘರ್ ದಿಲಾ. ಪೈಸಾ ನಾಹೀ ದಿಲಾ." ಕೊಟ್ಟದ್ದು ಮನೆ, ಹಣವಲ್ಲ ಎಂದು.

ಸಾಹೇಬರು ನಂಜುಂಡನತ್ತ ನೋಡಿದರು. ನಂಜುಂಡ ನೆಲ ನೋಡಿದ. ಪದದ ಕಥೆ ಬಿಡಿಸಿ ಹೇಳಲೇಬೇಕಾಯಿತು. ಸಾಹೇಬರು ನಗಲಿಲ್ಲ. ಸರಕಾರಿ ಜಾಗದಲ್ಲಿ ಹಣ ಕೊಡುವುದಕ್ಕಿಂತ ಮನೆ ಕೊಡುವುದು ಇನ್ನೂ ದೊಡ್ಡ ಗುನ್ನೆ ಎಂದರು. ಹಾಗಾದರೆ ಹಣ ಯಾರು ಕೊಟ್ಟರು, ಹೇಳು ಎಂದರು.

ರಾಚವ್ವ ಹೇಳಿದಳು. ಬಿದಿರು, ತಗಡು ಸದಾನಂದನದು ಎಂದಳು. ಸಾಹೇಬರು ಬರೆದುಕೊಂಡರು. ನಳ ಸರಕಾರದ್ದು, ಅದರ ಕಟ್ಟೆಯ ಮೇಲೆ ನಗರಸೇವಕನ ಹೆಸರಿನ ಕಲ್ಲಿದೆ ಎಂದಳು. ಸಾಹೇಬರ ಬರಹ ನಿಧಾನವಾಯಿತು. ಕಂಬ ನೆಡುವ ದಿನ ಜಾಗ ತೋರಿಸಲು ಜೀಪಿನಲ್ಲಿ ಬಂದಿದ್ದವರು ಇದೇ ಕಚೇರಿಯವರು, ನೀವೂ ಬಂದಿದ್ದಿರಿ, ನಾನೇ ನಿಮಗೆ ಕುಡಿಯಲು ನೀರು ಕೊಟ್ಟೆ ಎಂದಳು. ಅಲ್ಲಿಗೆ ಪೆನ್ನು ನಿಂತಿತು.

ಸಾಹೇಬರು ಬರೆದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ ಬೇರೆ ಹಾಳೆ ತೆಗೆದುಕೊಂಡರು. ಹೇಳಿಕೆ ಭಾಷೆಯ ಗೊಂದಲದಿಂದ ಆದದ್ದು, ಪಾಸು ಊರ್ಜಿತ, ಹಣ ಹೂಡಿದವರು ಪತ್ತೆಯಾಗಿಲ್ಲ, ಹನ್ನೊಂದು ಗುಡಿಸಲು ತೆರವು ಎಂದು ನಾಲ್ಕು ಸಾಲು ಬರೆದು ಮುಗಿಸಿದರು. ಸದಾನಂದನ ಹೆಸರು ಎಲ್ಲಿ ಎಂದು ರಾಚವ್ವ ಕೇಳಿದಳು. ನಿನ್ನ ಮನೆ ಉಳಿಯಿತಲ್ಲ, ನಡೆ ಎಂದರು.

ಗುರುವಾರ ಒಡೆಯುವ ಗ್ಯಾಂಗು ಬಂತು. ಮಧ್ಯಾಹ್ನದೊಳಗೆ ಹನ್ನೊಂದೂ ನೆಲಸಮ. ಗಡಿಗೆ, ಒಲೆ, ತೊಟ್ಟಿಲು ಎಲ್ಲ ಕಲ್ಲುಗಳ ನಡುವೆ ಬಿದ್ದಿದ್ದವು. ನಳವನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಅದು ಸರಕಾರದ ಆಸ್ತಿ. ರಾಚವ್ವನ ಗುಡಿಸಲು ಒಂಟಿಯಾಗಿ ನಿಂತಿತ್ತು. ಅದನ್ನು ನೋಡಿದ ಯಾರಿಗಾದರೂ, ಇವಳೇ ಹೋಗಿ ಹೇಳಿ ಕೆಡವಿಸಿದ್ದಾಳೆ ಅನ್ನಿಸುವಂತಿತ್ತು. ಸದಾನಂದನ ಹೆಸರು ಹೇಳಿದ್ದೂ ಅವನಿಗೆ ತಲುಪಿತ್ತು. ಅವನು ಅದನ್ನು ತನಗೆ ಬೇಕಾದಂತೆ ತಿರುಗಿಸಿ, ತನ್ನ ಮನೆ ಉಳಿಸಿಕೊಳ್ಳಲು ರಾಚವ್ವ ಎಲ್ಲರನ್ನೂ ಹಿಡಿದುಕೊಟ್ಟಳು ಎಂದು ಹಂಚಿದ.

ಮೂರನೆಯ ದಿನ ಅವನ ಲಾರಿ ಹೊಸ ಬಿದಿರು ಹೇರಿಕೊಂಡು ಬಂತು. ಲೆಕ್ಕ ಮೊದಲಿನಿಂದ ಶುರು. ಈ ಸಲ ಗೆರೆ ಹಾಕಲು ಯಾರೂ ರಾಚವ್ವನನ್ನು ಕರೆಯಲಿಲ್ಲ. ರುದ್ರವ್ವ ತನ್ನ ಗುಡಿಸಲಿನ ಹಿಂಗೋಡೆಯನ್ನು ರಾಚವ್ವನ ಬಾಗಿಲಿಗೆ ನೇರ ಎದುರಾಗಿ ತಂದು ನಿಲ್ಲಿಸಿದಳು. ನಡುವೆ ಒಂದೂವರೆ ಗೇಣಿನ ಸಂದಿ ಉಳಿಯಿತು. ರಾಚವ್ವ ನೋಡುತ್ತ ನಿಂತಾಗ ರುದ್ರವ್ವ ಕಂಬ ಹೂಳುವುದನ್ನು ನಿಲ್ಲಿಸದೆಯೇ, "ಹೋಗು, ಕಚೇರಿಗೆ ಹೇಳು. ನಿನಗ ಅಲ್ಲಿ ನಡೀತೈತಲ್ಲ," ಎಂದಳು.

ಅದು ಸುಳ್ಳಲ್ಲ. ಅದೇ ವಾರ ಗುಡ್ಡಕ್ಕೆ ಬಂದ ನಂಜುಂಡ ಆ ಸಂದಿ ನೋಡಿ ಲೊಚಗುಟ್ಟಿದ. ಪಾಸಿದ್ದವರ ದಾರಿಗೆ ಅಡ್ಡ ಕಟ್ಟಿದ್ದಾರೆ, ಒಂದು ಸಾಲು ಅರ್ಜಿ ಕೊಟ್ಟರೆ ನಾಳೆಯೇ ತೆಗೆಸಬಹುದು, ನಾನೇ ಬರೆದುಕೊಡುತ್ತೇನೆ, ಈ ಸಲ ಮಾತು ಮಾತೂ ಕೇಳಿ ಬರೆಯುತ್ತೇನೆ ಎಂದು ಹಾಳೆ ಬಿಡಿಸಿದ. ಅವನಿಗೆ ಋಣ ತೀರಿಸುವ ಅವಸರ.

"ಹಾಳಿ ಮಡಚು," ಎಂದಳು ರಾಚವ್ವ. "ನೀ ಬರದಿದ್ದು ಒಮ್ಮೆ ಸಾಕಾತು. ಇನ್ನ ನಮ್ಮ ಓಣ್ಯಾಗ ನಿನ್ನ ಪೆನ್ನು ತೆಗೀಬ್ಯಾಡ."

ಅವನು ಇಳಿದು ಹೋದ. ಗೋಡೆಯ ಆಚೆ ರುದ್ರವ್ವ ಇದನ್ನು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಸಂದಿಯಂತೂ ಅಗಲವಾಗಲಿಲ್ಲ. ರಾಚವ್ವ ಜಲ್ಲಿಯ ಬುಟ್ಟಿಯನ್ನು ಮೊದಲು ಒಳಗೆ ತಳ್ಳಿ, ಆಮೇಲೆ ಸೆರಗು ಬಿಗಿದುಕೊಂಡು ತಾನು ಓರೆಯಾಗಿ ನುಗ್ಗುವುದನ್ನು ರೂಢಿ ಮಾಡಿಕೊಂಡಳು. ಮುಂದೆ ವರ್ಷಗಟ್ಟಲೆ ಹಾಗೆಯೇ ತನ್ನ ಮನೆಗೆ ಹೋಗಿ ಬಂದಳು.