ಬೇಲಿಯಾಚೆಯ ಕ್ಯಾತಮ್ಮ

ಜನಗಣತಿಗೆಂದು ಮೇಷ್ಟರು ಆದಿವಾಲದ ಬಳಿಯ ಗೊಲ್ಲರಹಟ್ಟಿಗೆ ಹೋದ ದಿನ, ಕ್ಯಾತಮ್ಮ ಬೇಲಿಯಾಚೆಯ ಬಾಣಂತಿ ಗುಡಿಸಲಿನ ಮುಂದೆ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

"ಮಕ್ಕಳೆಷ್ಟಮ್ಮ?"

"ಇದೂ ಸೇರಿ ಹನ್ನೊಂದು ಸ್ವಾಮಿ. ಸಾಕಾಗೈತೆ."

"ಇನ್ನೊಂದು ಹೆತ್ರೆ ನೀನು ಉಳಿಯಲ್ಲ ಕಣವ್ವ" ಎಂದು ಸೂಲಗಿತ್ತಿ ಆಗಲೇ ಹೇಳಿ ಹೋಗಿದ್ದಳು. ಸೂತಕ ಕಳೆಯುವವರೆಗೆ ಬಾಣಂತಿ ಹಟ್ಟಿಯೊಳಗೆ ಬರುವಂತಿಲ್ಲ; ಗಂಡನೂ ಅವಳನ್ನು ಮುಟ್ಟುವಂತಿಲ್ಲ. ಸೂತಕದ ಮೂರು ತಿಂಗಳು ಮುಗಿದ ಮೇಲೆ ಗಂಡ ಕರಿಯಣ್ಣ ಬೇಲಿಯ ಬಳಿ ನಿಂತು ಕೂಗಿದ.

"ಏನೇ, ಗುಡಿಸಲೇ ತವರುಮನೆ ಆತಾ? ಮೈ ತೊಳ್ಕಂಡು ಬಾರೇ. ಕುರಿ ಕಾಯಾಕೆ ಇನ್ನೂ ನಾಕು ಗಂಡುಮಕ್ಕಳು ಬೇಕು!"

"ಹಟ್ಟೀಲಿರೋ ಹತ್ತಕ್ಕೇ ಅಂಬಲಿ ಸಾಲ್ದು. ನೆತ್ರ ಇನ್ನೂ ನಿಂತಿಲ್ಲ, ನನ್ನ ಸೂತಕ ಕಳ್ದಿಲ್ಲ. ಮುಟ್ಟಿದ್ರೆ ಜುಂಜಪ್ಪ ಸುಮ್ನಿರಲ್ಲ!"

ಕರಿಯಣ್ಣ ಹೆದರಿ ಹಿಂದಿರುಗಿದ. ದೇವರ ಹೆಸರಿನಲ್ಲಿ ಸುಳ್ಳಾಡಿದ ಕ್ಯಾತಮ್ಮ ಕೂಸನ್ನು ಅವುಚಿಕೊಂಡು ಜುಂಜಪ್ಪನಿಗೆ ತಪ್ಪಾಯಿತೆಂದು ತಲೆಬಾಗಿದಳು.

ಆ ಕೂಸಿಗೆ ಈಗ ಎರಡು ವರ್ಷ. ಕ್ಯಾತಮ್ಮ ಇನ್ನೂ ಗುಡಿಸಲಿನಲ್ಲಿಯೇ ಇದ್ದಾಳೆ. ಹಿರಿಯ ಮಗಳು ದೂರದಲ್ಲಿ ಇಟ್ಟುಹೋಗುವ ಅಂಬಲಿ ಕುಡಿದು, ಕಂಬಳಿಗೆ ಉಣ್ಣೆ ನೂಲುತ್ತಾಳೆ. ಚಿಕ್ಕ ಮಕ್ಕಳು ಬೇಲಿಗೆ ಆತುಕೊಂಡು "ಅವ್ವಾ, ಎತ್ಕಳೇ" ಎಂದು ಕೈಚಾಚುತ್ತವೆ. ಒಂದನ್ನು ಎತ್ತಿಕೊಂಡರೂ ಸೂತಕದ ಮಾತು ಸುಳ್ಳಾಗುತ್ತದೆಂದು ಅವಳು ಹೆತ್ತ ಮಕ್ಕಳನ್ನೇ ಗದರಿಸಿ ಅಟ್ಟುತ್ತಾಳೆ.