ಕಾಕಿಯ ಬಿಳಿ ಕೋಣೆ

ಹೋದ ತಿಂಗಳು ಮಗಳ ಮೊಬೈಲು ನೀರಿನ ಬಕೆಟ್ಟಿಗೆ ಬಿತ್ತು. ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಎದುರು ರಿಪೇರಿ ಮಾಡುವವನೊಬ್ಬ ಇದ್ದಾನೆ, ಅವನ ಹತ್ತಿರ ಒಯ್ದೆ. ಅವನು ಮೊಬೈಲಿನ ಬೆನ್ನು ಬಿಚ್ಚಿ, ಒಳಗಿನ ಹಸಿರು ಹಲಗೆ ಹೊರತೆಗೆದು, ಹಲ್ಲುಜ್ಜುವ ಬ್ರಷ್ಷಿಗೆ ಬಾಟಲಿಯಿಂದ ಏನೋ ಹಾಕಿಕೊಂಡು ತಿಕ್ಕತೊಡಗಿದ. ಆ ವಾಸನೆ... ದವಾಖಾನೆಯ ಸ್ಪಿರಿಟ್ಟಿನಂಥದೇ, ಆದರೆ ಸ್ವಲ್ಪ ಚೂಪು. ಮೂಗಿಗೆ ತಂಪಾಗಿ ಹತ್ತಿ ತಟ್ಟನೆ ಆರಿಹೋಗುವಂಥದು. ಕೌಂಟರಿನ ಮೇಲೆ ಕೈಯೂರಿ ನಿಂತಿದ್ದವಳಿಗೆ ಕೊಗನೊಳ್ಳಿ ರಸ್ತೆಯ ಆ ವಖಾರ, ತಂಬಾಕಿನ ಹಳೆಯ ಗೋದಾಮು, ಕಣ್ಣ ಮುಂದೆ ಬಂತು. ಕಾಕಿಯ ಕೈಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಕಾಕಿ ಅಂದರೆ ನಮ್ಮ ಸ್ವಂತ ಕಾಕಿಯಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೇ. ನನ್ನ ಮಗಳು ಒಂದನೇ ಇಯತ್ತೆಗೆ ಹೋಗುತ್ತಿದ್ದ ವರ್ಷ ಅವರು ಅಮೆರಿಕದಿಂದ ಬಂದು ಆ ಮನೆ ಬಾಡಿಗೆಗೆ ಹಿಡಿದರು. ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಬರಿಗೈ, ಬರಿಹಣೆ, ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟು, ಬಾಗಿಲಲ್ಲಿನ ಬಟ್ಟೆಗೆ ಅಂಗಾಲನ್ನು ಒತ್ತಿ ಒತ್ತಿ ಒರೆಸಿಕೊಂಡೇ ಒಳಗೆ ಕಾಲಿಡುತ್ತಿದ್ದರು. ಅವರ ಕನ್ನಡ ಊರು ಬಿಟ್ಟ ದಿನಕ್ಕೇ ನಿಂತುಬಿಟ್ಟಿತ್ತು. ನನ್ನ ಅಜ್ಜಿಯ ಜೊತೆಗೇ ಹೋಗಿಬಿಟ್ಟಿದ್ದ ಶಬ್ದಗಳು ಅವರ ಬಾಯಲ್ಲಿದ್ದವು. ದಿನಾ ಬೇಕಾಗುವ ಕೆಲವು ಶಬ್ದ ಮಾತ್ರ ಸಿಗದೆ ಗಾಳಿಯಲ್ಲಿ ಬೆರಳಾಡಿಸಿ ಹುಡುಕುತ್ತಿದ್ದರು.

ಅವರ ಕಥೆ ನನಗೆ ಒಮ್ಮೆಗೇ ಸಿಕ್ಕಿದ್ದಲ್ಲ. ಶೇಂಗಾ ಸುಲಿಯುತ್ತ, ಮೆಂತ್ಯದ ಸೊಪ್ಪು ಸೋಸುತ್ತ, ಚೂರು ಚೂರಾಗಿ ಸಿಕ್ಕಿದ್ದು. ತವರು ರಾಯಬಾಗ ತಾಲೂಕಿನ ಅಲಖನೂರ. ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದೇ ಶಿರಗುಪ್ಪಿಗೆ ಮದುವೆ ಮಾಡಿ ಕೊಟ್ಟರು. ವರ್ಷ ತುಂಬುವುದರೊಳಗೆ ಗಂಡನಿಗೆ ಕಬ್ಬಿನ ಹೊಲದಲ್ಲಿ ಹಾವು ಕಡಿಯಿತು. ತವರಿಗೆ ಬಂದು ಅಡಿಗೆಮನೆಯ ಮೂಲೆ ಹಿಡಿದರು. ಅಮೆರಿಕದಲ್ಲಿದ್ದ ಅಕ್ಕ ಬಸಿರಾದಾಗ ತಾಯಿಗೆ ಹೋಗಲಾಗಲಿಲ್ಲ, ಇವರನ್ನು ಕಳಿಸಿದರು. “ಬಸರಿ ಕುಬಸದ ಆರತಿಗೆ ಬ್ಯಾಡಾದಾಕಿ ಬಾಣಂತಿ ಅರಬಿ ಒಗ್ಯಾಕ ಬೇಕಾದೆ ನೋಡವ್ವಾ,” ಎಂದು ಒಮ್ಮೆ ಅಂದಿದ್ದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ಬಾಣಂತನ ಮುಗಿದರೂ ಅವರು ತಿರುಗಿ ಬರಲಿಲ್ಲ. ಅಲ್ಲಿರಲು ಬೇಕಾದ ಕಾಗದಪತ್ರ ಆದಮೇಲೆ ಒಂದು ಚಿಪ್ ಕಾರ್ಖಾನೆಯಲ್ಲಿ, ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂಡುವ ಕೆಲಸ ಹಿಡಿದರು. ಸಂಜೆ ಕಾಲೇಜಿಗೆ ಹೋಗಿ ಅದೇ ವಿದ್ಯೆ ಓದಿದರು. ಮುಂದೆ ಅಲ್ಲಿಯೇ ಮುಖ್ಯಸ್ಥೆಯಾದರು, ಆಮೇಲೆ ತಮ್ಮದೇ ಕಂಪನಿ ತೆಗೆದರು. ಬೇರೆಯವರು ಮಾಡಿದ ಚಿಪ್ಪುಗಳನ್ನು ಕತ್ತರಿಸಿ, ಪರೀಕ್ಷೆ ಮಾಡಿ, ಕವಚ ತೊಡಿಸಿ ಕೊಡುವ ಕಂಪನಿ. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯಷ್ಟು ಜನ ಅವರ ಕೈಕೆಳಗಿದ್ದರಂತೆ. ಕೊನೆಗೆ ಆ ಕೆಲಸವೆಲ್ಲ ಸಮುದ್ರ ದಾಟಿ ಅಗ್ಗದ ದೇಶಗಳಿಗೆ ಹೋಯಿತು. ಕಂಪನಿ ಮಾರಿ, ಹಳೆಯ ಕೆಲವು ಯಂತ್ರಗಳನ್ನಷ್ಟೇ ಉಳಿಸಿಕೊಂಡು ಬಂದರು. “ಅಗ್ಗದ ದೇಶ ನಮ್ದೂ ಐತೆಲ್ಲಾ? ನಮ್ಮ ಹೆಣ್ಮಕ್ಕಳ ಬೆರಳು ಯಾರಿಗೆ ಕಡಿಮಿ?” ಅನ್ನುತ್ತಿದ್ದರು.

ನಿಪ್ಪಾಣಿಯಲ್ಲಿ ಖಾಲಿ ಕಟ್ಟಡ ಅಂದರೆ ತಂಬಾಕಿನ ವಖಾರವೇ. ಧೂಳಿನ ಒಂದು ಕಣ ಬಿದ್ದರೆ ಕೆಡುವ ಮಾಲಿಗೆ ಅವರು ಧೂಳಿನ ತವರುಮನೆಯನ್ನೇ ಹಿಡಿದರು ಎಂದು ಓಣಿ ಎಲ್ಲ ನಕ್ಕಿತು. ಚಿಪ್ಸ್ ಫ್ಯಾಕ್ಟರಿ ಎಂದು ತಿಳಿದು ಒಬ್ಬ ರೈತ ಬಟಾಟೆಯ ದರ ಕೇಳಿಕೊಂಡು ಬಂದಿದ್ದ. ಕಾಕಿ ಅವನಿಗೂ ಚಹಾ ಕೊಟ್ಟು, ಹಪ್ಪಳದಂಥ ತೆಳು ಹೊಳೆಯುವ ಬಿಲ್ಲೆಯೊಂದನ್ನು ತೋರಿಸಿ, “ಇದು ಉಸುಕಿನ ಮೊಮ್ಮಗಳ ನೋಡಪಾ. ಉಸುಕ ಕುದಿಸಿ, ಸೋಸಿ, ಇದನ್ನ ಮಾಡ್ತಾರ,” ಅಂದರು. ಅವನು ತಿರುವಿ ಮುರುವಿ ನೋಡಿ, “ಹೊಳಿ ತುಂಬ ಉಸುಕ ಐತ್ರಿ, ಬೇಕಾದ್ರ ಟ್ರ್ಯಾಕ್ಟರ್ ಹಚ್ಚಿ ತರ್ತೇನಿ,” ಅಂದ.

ವಖಾರದ ಗೋಡೆಗಳನ್ನು ತೊಳೆಸಿದರು, ತಿರುಗಿ ತೊಳೆಸಿದರು. ನೀರು ಬಹಳ ದಿನ ಚಹಾದ ಬಣ್ಣದಲ್ಲಿಯೇ ಹರಿಯಿತು. ನಡುವೆ ಗಾಜಿನ ಗೋಡೆಯ ಒಂದು ಬಿಳಿ ಕೋಣೆ ಕಟ್ಟಿಸಿದರು. ಎರಡು ಬಾಗಿಲು, ಬಾಗಿಲ ನಡುವೆ ಮೈಮೇಲೆ ಗಾಳಿ ಸುರಿಯುವ ಫ್ಯಾನು. ವಖಾರಗಳಲ್ಲಿ ತಂಬಾಕು ಆರಿಸುತ್ತಿದ್ದ ಆರು ಜನ ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡರು. ಪೊಟ್ಟಣಗಳ ಮೇಲಿನ ಇಂಗ್ಲಿಷ್ ಅಕ್ಷರ ಅವರಿಗೆ ಗುರುತಾಗಬೇಕಿತ್ತು. “ನೀ ಕಾನ್ವೆಂಟಿನಾಕಿ, ಕಲಿಸವ್ವಾ,” ಎಂದು ನನ್ನನ್ನು ಕರೆದರು. ಮಗಳನ್ನು ಶಾಲೆಗೆ ಬಿಟ್ಟು ನಾನು ಅಲ್ಲಿಗೆ ಹೋಗಿ ಗಾಜಿನ ಈಚೆಯ ಬೆಂಚಿನ ಮೇಲೆ ಕೂಡುತ್ತಿದ್ದೆ.

ಒಳಗೆ ಹೋಗುವವರು ತಲೆಯಿಂದ ಪಾದದ ತನಕ ಬಿಳಿ ಅಂಗಿ ತೊಡಬೇಕು, ಕಣ್ಣಷ್ಟೇ ಕಾಣುತ್ತಿತ್ತು. ಮೊದಲ ದಿನ ಅವರ ನಗೆ ತಡೆಯಲಾಗಲಿಲ್ಲ.

“ಯವ್ವಾ, ಹಿಟ್ಟಿನ ಚೀಲ ನಡದ ಬಂದಂಗ ಕಾಣ್ತೀ ನೋಡ ಬೇ.”

“ನಿನ್ನ ಗಂಡ ಈಗ ಬಂದ್ರ ಯಾರ ಕೈ ಹಿಡೀತಾನೋ!”

“ಹಿಡೀವಲ್ಲನ ಬಿಡ, ಒಂದಿನಾ ಆರಾಮ ಇರ್ತೇನಿ.”

ನನಗೆ ನಮ್ಮ ಶಾಲೆಯ ಸಿಸ್ಟರ್‌ಗಳು ನೆನಪಾದರು. ಬಿಳಿ ಬಟ್ಟೆ, ಮುಚ್ಚಿದ ತಲೆ. ಅವರನ್ನು ಯಾರೂ ಗಂಡನ ಬಗ್ಗೆ ಕೇಳುತ್ತಿರಲಿಲ್ಲ. ನಮಗೂ ಶಾಲೆಯೊಳಗೆ ಬಳೆ, ಕುಂಕುಮ ಇರಲಿಲ್ಲ; ಸಂಜೆ ಗೇಟಿನಲ್ಲಿ ಅಜ್ಜಿ ಸೆರಗಿನ ಗಂಟು ಬಿಚ್ಚಿ ನನ್ನ ಹಣೆಗೆ ಮತ್ತೆ ಹಚ್ಚಿಯೇ ಮನೆಗೆ ಕರೆದೊಯ್ಯುತ್ತಿದ್ದಳು. ಇದನ್ನು ಕಾಕಿಗೆ ಹೇಳಿದಾಗ ಅವರು ಅಂದರು, “ಅಮೆರಿಕಾದಾಗ ಮೊದಲನೇ ದಿನ ನಾ ಒಳಗ ಹೋದೆ. ಎಲ್ಲಾರೂ ಬಳಿ, ಉಂಗುರ ತಗದಿಟ್ರು, ಮುಖ ತೊಳಕೊಂಡ್ರು. ಬಿಳೀ ಅರಬಿಯಾಗ ಯಾರು ಮುತ್ತೈದಿ, ಯಾರು ಗಂಡನ್ನ ತಿಂದಾಕಿ, ದೇವರಿಗೂ ಗುರ್ತ ಸಿಗ್ತಿದ್ದಿಲ್ಲ. ಅವತ್ತ ನಾ ಒಳಗ ಅತ್ತೆ. ಕನ್ನಡಕ ಮಸಕಾತಂತ ಮ್ಯಾಲಿನಾಕಿ ಬೈದ್ಲು.”

ಆ ಕೋಣೆಯನ್ನೇ ಅವರು ಊರಿಗೆ ತಂದಿದ್ದರು. ಇಲ್ಲಿ ಅದು ಬೇರೆಯೇ ಕಾಣುತ್ತದೆ ಎಂಬುದು ಅವರ ಮನಸ್ಸಿಗೆ ಬಂದಿರಲಿಲ್ಲ.

“ಒಳಗ ಬರೂ ಮುಂದ ಕುಂಕುಮ, ಹೂವು, ಪೌಡರ, ಬಳಿ ಎಲ್ಲಾ ತಗದಿಟ್ಟ ಬರ್ರಿ. ಹೋಗೂ ಮುಂದ ಮತ್ತ ಹಾಕ್ಕೊಳ್ರಿ,” ಅಂದಾಗ ನಗೆ ನಿಂತಿತು. ಅವರಲ್ಲಿ ಕೊಗನೊಳ್ಳಿಯವಳೊಬ್ಬಳಿದ್ದಳು, ಎಲ್ಲರಿಗಿಂತ ಚುರುಕು ಕೈ. ಅವಳೇ ಅಂದಳು, “ಕಾಕಿ, ಚಪ್ಪಲಿ ಬಿಡ ಅಂದ್ರ ಬಿಡ್ತೇನ್ರಿ. ಬಳಿ ಏನ ಚಪ್ಪಲಿ ಏನ್ರಿ?”

ಊರಿನ ಬಾಯಿಗೆ ಅಷ್ಟೇ ಸಾಕಿತ್ತು. ಹೆಂಗಸರು ಕೆಲಸಕ್ಕೆ ಬರುವುದು ನಿಂತಿತು. ನಮ್ಮ ಅತ್ತೆ ರೊಟ್ಟಿ ಬಡಿಯುತ್ತ, ನನಗೆ ಕೇಳಲೆಂದೇ, “ತಾ ಅಳಿಸಿಕೊಂಡ ಕುಂತಾಳ, ಈಗ ಮಂದೀದೆಲ್ಲಾ ಅಳಸಾಕ ಬಂದಾಳ,” ಅಂದರು. ಕಾಕಿ ಸೋತು ಹೊಂದಾಣಿಕೆ ಮಾಡಿದರು. ಕುಂಕುಮದ ಬದಲು ಅಂಟಿಸುವ ಟಿಕಳಿ ಇರಲಿ. ತಾಳಿ ಅಂಗಿಯೊಳಗಿರಲಿ. ಬಳೆ ಬೇಕೇ ಬೇಕಾದರೆ ಮೊಣಕೈ ತನಕ ಬರುವ ಕೈಗವಸಿನೊಳಗೆ, ಪಟ್ಟಿ ಸುತ್ತಿ ಇರಲಿ. ಹೆಂಗಸರು ತಿರುಗಿ ಬಂದರು. ಕೊಗನೊಳ್ಳಿಯವಳು ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, “ಇಲ್ಲೊಂದ ಊರ ಐತ್ರಿ ಕಾಕಿ! ಓಣಿ ಅದಾವು, ಚೌಕ ಅದಾವು, ಮಂದಿ ಅಷ್ಟ ಇಲ್ಲ!” ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ತಂಬಾಕಿನ ಧೂಳು ಬಿಟ್ಟಮೇಲೆ ಅವಳ ಹಳೆಯ ಕೆಮ್ಮು ಕೂಡ ಕಡಿಮೆಯಾಗಿತ್ತು.

ಆಗಲೇ ಪುಣೆಯ ಕಂಪನಿಯೊಂದು ನಮೂನೆಗೆಂದು ಒಂದು ಪೆಟ್ಟಿಗೆ ಮಾಲು ಕಳಿಸಿತು. ಅದು ಸರಿಯಾಗಿ, ಹೇಳಿದ ದಿನಕ್ಕೆ ಮುಟ್ಟಿದರೆ ಮುಂದೆ ಕೆಲಸ ಉಂಟು, ಇಲ್ಲವಾದರೆ ಇಲ್ಲ. ಬೇರೆ ಯಾರೂ ಏನೂ ಕಳಿಸಿರಲಿಲ್ಲ. ಕಾಕಿ ಇನ್ನೊಮ್ಮೆ ಎಲ್ಲಿಗೂ ಹೋಗಿ ಮೊದಲಿನಿಂದ ಶುರುಮಾಡುವ ವಯಸ್ಸಿನವರಲ್ಲ. ಇದು ನಮಗೆಲ್ಲ ಗೊತ್ತಿತ್ತು, ಆ ಹೆಂಗಸರಿಗೂ ಗೊತ್ತಿತ್ತು. ಅದಕ್ಕೇ ವಟಸಾವಿತ್ರಿ ಹುಣ್ಣಿಮೆಯ ದಿನವೂ, ಬೆಳಿಗ್ಗೆ ಗಂಡನ ಆಯುಷ್ಯಕ್ಕೆಂದು ಆಲದ ಮರಕ್ಕೆ ದಾರ ಸುತ್ತಿ, ಉಪವಾಸದಲ್ಲಿಯೇ ಕೆಲಸಕ್ಕೆ ಬಂದರು. ಎಲ್ಲರ ಕೈಯಲ್ಲಿ ಹಿಂದಿನ ದಿನವಷ್ಟೇ ಇಡಿಸಿಕೊಂಡ ಹೊಸ ಹಸಿರು ಬಳೆ, ಕೈ ತುಂಬ.

ಮಧ್ಯಾಹ್ನ ನಾನು ಬೆಂಚಿನ ಮೇಲಿದ್ದೆ. ಗಾಜಿನ ಆಚೆ ಕೊಗನೊಳ್ಳಿಯವಳ ಮುಂಗೈ ಸ್ಟೀಲಿನ ಮೇಜಿನ ಅಂಚಿಗೆ ಬಡಿಯಿತು. ಸಪ್ಪಳ ನನಗೆ ಕೇಳಲಿಲ್ಲ. ಅವಳು ಎದ್ದು ನಿಂತಳು, ಕೈ ಎತ್ತಿ ಹಿಡಿದಳು, ಬಿಳಿ ಕೈಗವಸಿನ ಒಳಗಿನಿಂದ ಕೆಂಪು ಹರಡತೊಡಗಿತು. ಕಾಕಿ ಓಡಿಬಂದು ಅವಳನ್ನು ಎರಡೂ ಬಾಗಿಲು ದಾಟಿಸಿ ಹೊರಗೆ ತಂದು ಕೂರಿಸಿ, ಕತ್ತರಿಯಿಂದ ಕೈಗವಸು ಸೀಳಿದರು.

“ಬಳಿ ಒಡದಾವ... ಎಲ್ಲಾ ಒಡದಾವ. ಕೈ ತಾ, ಚೂರ ಒಳಗ ನಟ್ಟಾವ.”

“ಬ್ಯಾಡ್ರಿ ಕಾಕಿ, ಬ್ಯಾಡ್ರಿ...”

“ಏನ ಬ್ಯಾಡ? ರಕ್ತಾ ನೋಡಿಲ್ಲಿ!”

ಹಿಂದೆ ಬಂದ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಕೈ ಹಿಡಿದು ಚೀರಿದಳು, “ಹೆಚ್ಚಿದಾವ ಅನ್ರಿ ಕಾಕಿ! ಹೆಚ್ಚಿದಾವ ಅನ್ರಿ!”

ಕಾಕಿ ತಲೆಯೆತ್ತಿ ಅವಳ ಮುಖ ನೋಡಿದರು. “ಏನ ಹೆಚ್ಚಿತು?” ಎಂದು ಕೇಳಿದರು.

ನಮ್ಮ ಕಡೆ ಬಳೆ ಒಡೆಯಿತು ಎನ್ನುವುದಿಲ್ಲ. ಆ ಮಾತು ಗಂಡ ಸತ್ತಾಗ ಮಾತ್ರ. ಕೈತಪ್ಪಿ ಒಡೆದರೆ ಬಳೆ ಹೆಚ್ಚಿತು ಅನ್ನಬೇಕು. ಮನೆಯಲ್ಲಿ ಮರಾಠಿ ಆಡುವವರೂ ಬಾಂಗಡಿ ವಾಢವಲಿ ಎಂದೇ ಅನ್ನುತ್ತಾರೆ. ಪುಟ್ಟ ಹುಡುಗಿಯರಿಗೂ ಗೊತ್ತಿರುವ ಶಬ್ದ ಅದು. ಕಾಕಿಗೆ ಸಿಗಲಿಲ್ಲ. ಗಾಯ ತೊಳೆಯಲು ಉಳಿದ ಬಳೆ ತೆಗೆಯಲು ಹೋದರು. ಕೈ ಊದಿತ್ತು, ಜಾರಲಿಲ್ಲ. ಚಿಮಟದಲ್ಲಿ ಹಿಡಿದು ಅವನ್ನೂ ಒಡೆದರು. ಒಂದು ಚೂರೂ ಒಳಗೆ ಉಳಿಯದಂತೆ, ಅಷ್ಟು ಹಗುರ ಕೈಯಿಂದ, ಸ್ಪಿರಿಟ್ಟಿನಲ್ಲಿ ಒರೆಸಿ ಪಟ್ಟಿ ಕಟ್ಟಿದರು. ಸುತ್ತ ನಿಂತವರಿಗೆ ಕಂಡದ್ದು ಬೇರೆ. ವಟಸಾವಿತ್ರಿಯ ದಿನ ಗಂಡನಿಲ್ಲದವಳೊಬ್ಬಳು ಗಂಡನಿದ್ದವಳ ಬಳೆ ಒಡೆಯುತ್ತಿದ್ದಳು, ಬಾಯಿಂದ ಹಾಗೆಂದು ಹೇಳಿಯೇ.

ಮರುದಿನ ಯಾರೂ ಬರಲಿಲ್ಲ. ಕೊಗನೊಳ್ಳಿಯವಳ ಗಂಡನಿಗೆ ಅದೇ ವಾರ ಜ್ವರ ಬಂತು. ಮಳೆಗಾಲದ ಜ್ವರ, ಬಂದಂತೆ ಹೋಯಿತು. ಬಂದದ್ದನ್ನು ಊರೆಲ್ಲ ಹೇಳಿತು, ಹೋದದ್ದನ್ನು ಯಾರೂ ಹೇಳಲಿಲ್ಲ. ಕಾಕಿ ಮನೆಮನೆಗೆ ಹೋದರು. ಆ ಹೆಂಗಸರು ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಮರ್ಯಾದೆಯಿಂದಲೇ, “ಇಲ್ರಿ ಕಾಕಿ, ಮನ್ಯಾಗ ಬ್ಯಾಡಂತಾರ್ರಿ,” ಎಂದರು. ಕೆಲವು ದಿನ ಅವರೊಬ್ಬರೇ ಬಿಳಿ ಅಂಗಿ ತೊಟ್ಟು ಆ ಕೋಣೆಯಲ್ಲಿ ಕೂತಿದ್ದನ್ನು ನೋಡಿದ್ದೇನೆ. ಆರು ಜನರ ಕೆಲಸ ಒಬ್ಬರಿಂದ ಮುಗಿಯುವಂಥದಲ್ಲ. ಪುಣೆಯ ಪೆಟ್ಟಿಗೆ ಅರ್ಧಕ್ಕೇ ತಿರುಗಿ ಹೋಯಿತು.

“ಆ ಶಬ್ದಾ ನನಗ ಹೊಳೀಲೇ ಇಲ್ಲವ್ವಾ,” ಅಂದರು ಒಂದು ಸಂಜೆ, ನಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು. “ನನ್ನವು ಹೆಚ್ಚಿದ್ದಿಲ್ಲಲಾ. ಶಿರಗುಪ್ಪಿಯಾಗ ಕಲ್ಲಿನ ಮ್ಯಾಲ ಕೈ ಇಟ್ಟ ಒಡದಿದ್ರು. ನನ್ನ ಕಿವ್ಯಾಗ ಅದೊಂದ ಉಳದಿತ್ತು...”

ಚಹಾ ಆರಿತ್ತು, ಮತ್ತೆ ಕಾಸಿ ಕೊಟ್ಟೆ.

ಯಂತ್ರಗಳು ಗುಜರಿಗೆ, ತೂಕದ ಲೆಕ್ಕದಲ್ಲಿ ಹೋದವು. ಕಾಕಿ ತಿರುಗಿ ಅಮೆರಿಕಕ್ಕೆ, ಅಕ್ಕನ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರೆಂದು ಬಹಳ ತಡವಾಗಿ ತಿಳಿಯಿತು. ಕೊಗನೊಳ್ಳಿಯವಳು ತಂಬಾಕಿನ ವಖಾರಕ್ಕೇ ಮರಳಿದಳು. ಸಂತೆಯಲ್ಲಿ ಸಿಕ್ಕರೆ ಮಾತಿಗಿಂತ ಮೊದಲು ಅವಳ ಕೆಮ್ಮು ಕೇಳುತ್ತದೆ.

ಹೋದ ವರ್ಷ ನಮ್ಮ ಯಜಮಾನರು ಹೋದರು. ನನ್ನ ಬಳೆಗಳನ್ನು ಯಾರೂ ಒಡೆಯಲಿಲ್ಲ, ಕಾಲ ಬದಲಾಗಿದೆ. ಮಗಳು ಸಾಬೂನು ಹಚ್ಚಿ, ಒಂದೊಂದಾಗಿ, ನೋಯದಂತೆ ಇಳಿಸಿದಳು. ಅತ್ತೆಯೇ, “ಟಿಕಳಿ ಇರ್ಲಿ ಬಿಡ,” ಅಂದರು. ಸಂಕ್ರಾಂತಿಯ ಅರಿಶಿಣ-ಕುಂಕುಮಕ್ಕೆ ಓಣಿಯ ಹೆಂಗಸರು ಯಾರೂ ನನ್ನನ್ನು ಕರೆಯಲಿಲ್ಲ. ಎಳ್ಳುಬೆಲ್ಲ ಮಾತ್ರ ಮನೆಮನೆಯಿಂದ ಬಂತು, ನಾನು ಬರುವ ತೊಂದರೆ ಬೇಡವೆಂದು ಅವರೇ ಮುಚ್ಚಿ ಕಳಿಸಿದ್ದರು. ಯಾರೂ ಒಂದು ಕೆಟ್ಟ ಮಾತಾಡಿಲ್ಲ. ಯಾರ ಮೇಲೆ ಸಿಟ್ಟಾಗಲಿ...

ಅಂಥ ದಿನ ಆ ಕೋಣೆಯಲ್ಲಿ ಒಂದು ತಾಸು ಕೂಡಬೇಕೆನಿಸುತ್ತದೆ. ಬಿಳಿ ಅಂಗಿ ತೊಟ್ಟು, ಕಣ್ಣಷ್ಟೇ ಬಿಟ್ಟು, ಯಾರದೋ ಪಕ್ಕದಲ್ಲಿ ಯಾರೋ ಆಗಿ. ಅವತ್ತು ಮೊಬೈಲು ತೆಗೆದುಕೊಂಡು ಬರುವಾಗ ಕೊಗನೊಳ್ಳಿ ರಸ್ತೆಯಲ್ಲಿ ರಿಕ್ಷಾದಿಂದ ಆ ವಖಾರದೊಳಗೆ ಇಣುಕಿ ನೋಡಿದೆ. ಗಾಜು ಬಿಚ್ಚಿ ಒಯ್ದಿದ್ದಾರೆ. ಮಾಡಿನ ತನಕ ತಂಬಾಕು ತುಂಬಿದ್ದಾರೆ.