ಅಪ್ಪನ ಚಿಗರಿಗೆ ಒಂದು ಸ್ಟ್ಯಾಂಡು

ಮಾವನ ಮಗಳನ್ನು ನನಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವ ಅಂದರೆ ನನ್ನ ಅವ್ವನ ಅಣ್ಣ. ಹೂವಿನ ಹಿಪ್ಪರಗಿಯವನು. ನಮ್ಮ ಮಂದಿಯಲ್ಲಿ ತಂಗಿಯ ಮಗನಿಗೆ ಮೊದಲ ಹಕ್ಕು. ಅವನು ಒಲ್ಲೆ ಅಂದ ಮೇಲೆಯೇ ಬೇರೆಯವರಿಗೆ ಹೆಣ್ಣು ತೋರಿಸುತ್ತಾರೆ. ನಾನು ಒಲ್ಲೆ ಅಂದಿರಲಿಲ್ಲ.

ಅವಳು ಲಗ್ನದ ವಯಸ್ಸಿಗೆ ಬಂದ ವರ್ಷ ಮಾವ ಯಂಕಂಚಿಗೆ ನಮ್ಮ ಮನೆಗೆ ಬಂದ. ರೊಟ್ಟಿ ತಿಂದು ಕೈ ತೊಳೆದು ಹೇಳಿದ.

"ಸುಗ್ಗಿ ಮುಗದ ಕೂಡ್ಲೆ ಲಗ್ನ ಮಾಡೋದೈತಿ. ಅಷ್ಟರೊಳಗ ನಿಮ್ಮಪ್ಪನ ಚಿಗರಿಗೆ ಒಂದು ಚೊಲೊ ಸ್ಟ್ಯಾಂಡ್ ನೋಡೋ ತಮ್ಮಾ. ನಿನ್ನ ಕೈಲೆ ಆಗ್ಲಿ ಅದು."

ಯಾರ ಲಗ್ನ ಎಂದು ನಾನು ಕೇಳಲಿಲ್ಲ. ಅವ್ವನೂ ಕೇಳಲಿಲ್ಲ. ಅದು ಕೇಳುವ ಮಾತೇ ಅಲ್ಲ.

ಚಿಗರಿ ಅಂದರೆ ಪೂರಾ ಜಿಂಕೆಯಲ್ಲ. ಕೋಡು, ತಲೆ, ಕೊರಳು, ಎದೆಯ ತನಕ. ಒಳಗೆ ಏನೋ ತುಂಬಿ, ಗಾಜಿನ ಕಣ್ಣು ಕೂರಿಸಿದ್ದು. ನನ್ನ ಅಪ್ಪ ಊರಿನ ತಳವಾರಿಕೆ ಮಾಡುತ್ತಿದ್ದ. ಒಮ್ಮೆ ವಿಜಾಪುರದ ಸಾಹೇಬರೊಬ್ಬರು ಶಿಕಾರಿಗೆ ಬಂದಾಗ ಅವರ ಜೊತೆ ಹೋದ. ಸಾಹೇಬರು ಹೊಡೆದ ಎರಡು ಗುಂಡೂ ಎರೆ ಹೊಲದ ಪಾಲಾದವು. ಮೂರನೆಯದಕ್ಕೆ ಬಂದೂಕನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಹೊಡೆದ. ಸಾಹೇಬರು ಒಳ್ಳೆಯವರು. ಹೊಡೆದವನದೇ ಚಿಗರಿ ಎಂದು ತಲೆಯನ್ನು ಮೈಸೂರಿಗೆ ಕಳಿಸಿ, ತುಂಬಿಸಿ, ವರ್ಷದ ಮೇಲೆ ನಮ್ಮ ಮನೆಗೆ ಮುಟ್ಟಿಸಿದರು. ನಮ್ಮದು ಮಣ್ಣಿನ ಗೋಡೆ. ಮೊಳೆ ನಿಲ್ಲಲಿಲ್ಲ. ಒಂದು ದಿನ ಚಿಗರಿ ಕೆಳಗೆ ಬಿದ್ದು ಎಡಗಿವಿಯ ತುದಿ ಮುರಿಯಿತು. ಅಪ್ಪ ಅದಕ್ಕೆ ಅಂಟು ಹಚ್ಚಿ, ಕಪ್ಪು ದಾರ ಸುತ್ತಿದ್ದ. ಆ ದಾರ ಇನ್ನೂ ಇದೆ.

ಅಪ್ಪ ಸತ್ತ ಮೇಲೆ ನಮ್ಮ ಮನೆಗೆ ಗೆದ್ದಲು ಹತ್ತಿತು. ಆಗ ಮಾವ ಚಿಗರಿಯನ್ನು ಹಿಪ್ಪರಗಿಗೆ ಒಯ್ದ. ಒಯ್ಯುವಾಗ ಅವ್ವನಿಗೆ ಹೇಳಿದ್ದು ನನಗೆ ನೆನಪಿದೆ.

"ಇಲ್ಲಿದ್ರ ಹುಳ ತಿಂತಾವ. ನನ್ನ ಮಗಳ ಕೂಡ ಹೊಳ್ಳಿ ಕಳಸ್ತೇನಿ, ತಂಗಿ."

ಮಗಳು ಬರುವುದು ನಮ್ಮ ಮನೆಗೆ. ಅವಳ ಕೂಡ ಚಿಗರಿಯೂ ನಮ್ಮ ಮನೆಗೆ. ಹಾಗಾಗಿ ಸ್ಟ್ಯಾಂಡಿನ ಅಳತೆಯನ್ನು ನಾನು ನಮ್ಮ ಮನೆಯದೇ ತೆಗೆದುಕೊಂಡೆ. ನಾನು ನಿಂತರೆ ನಮ್ಮ ಪಡಸಾಲೆಯ ತೊಲೆ ನನ್ನ ರುಮಾಲಿಗೆ ತಾಗುತ್ತದೆ. ನೆಲದಿಂದ ತೊಲೆಯ ತನಕ ಒಂದು ಹುರಿ ಹಿಡಿದೆ. ಹಿಪ್ಪರಗಿಗೆ ಹೋಗಿ ಚಿಗರಿಯನ್ನು ಕೋಡಿನ ತುದಿಯಿಂದ ಎದೆಯ ತನಕ ಅದೇ ಹುರಿಯಲ್ಲಿ ಅಳೆದೆ. ಉಳಿದದ್ದು ಸ್ಟ್ಯಾಂಡಿನ ಎತ್ತರ. ಅಲ್ಲೊಂದು ಗಂಟು ಹಾಕಿ ಹುರಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡೆ.

ಮೊದಲು ಸಿಂದಗಿಗೆ ಹೋದೆ. ಪಾತ್ರೆ ಅಂಗಡಿಯವನು ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ತೋರಿಸಿದ. ನೀರಿನ ಗಂಗಾಳ ಇಟ್ಟು ಕೈ ತೊಳೆಯಲು ಮಾಡಿದ್ದು. ಬೆರಳಿಂದ ತಳ್ಳಿದೆ. ಅಲುಗಾಡಿತು.

"ಚಿಗರಿ ಕುಣಸ್ತೀಯೇನು ಇದರ ಮ್ಯಾಲೆ?" ಅಂದೆ.

"ಸತ್ತ ಚಿಗರಿ ಎಲ್ಲಿ ಓಡಿ ಹೊಕ್ಕೈತಿ? ಒಯ್ಯೋ ಮಾರಾಯಾ," ಅಂದ.

ಬಿಟ್ಟು ಬಂದೆ.

ಆಮೇಲೆ ಇಂಡಿ ಊರಿನ ಫೋಟೋ ಸ್ಟುಡಿಯೋದಲ್ಲಿ ಒಂದು ಕಂಬವಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದೆ. ಬಿಳಿ ಬಣ್ಣ, ಸುತ್ತ ಹೂಬಳ್ಳಿಯ ಕೆತ್ತನೆ, ಮೇಲೆ ಕಾಗದದ ಹೂವಿನ ಕುಂಡ. ಮಾಲಕ ಹೊಸ ಕಂಬ ತರಿಸಿದ್ದ, ಹಳೆಯದನ್ನು ಕೊಡುವವನಿದ್ದ.

"ಇಂಡಿ ತಾಲೂಕಿನ ಅರ್ಧ ಮಂದಿ ಇದರ ಮ್ಯಾಲೆ ಮೊಣಕೈ ಊರಿ ನಿಂತಾರ. ಲಗ್ನ ಆದೋರು, ಆಗಲಾರದೋರು, ಎಲ್ಲಾರೂ. ನೀನೂ ನಿಂದ್ರು, ಒಂದು ಹೊಡದು ಬಿಡ್ತೇನಿ."

"ನನಗ ಫೋಟೋ ಬ್ಯಾಡ್ರಿ. ಗಟ್ಟಿ ಐತೇನು ಹೇಳ್ರಿ."

ಎತ್ತಿ ನೋಡಿದೆ. ಒಂದೇ ಕೈಯಲ್ಲಿ ಬಂತು. ಒಳಗೆ ಬರೀ ಪೊಳ್ಳು. ನನ್ನ ಹುರಿಯ ಗಂಟಿಗೆ ಸರಿಯಾಗಿ ಕೊಯ್ದರೆ ಡಬ್ಬಿಯಂತೆ ಬಾಯಿ ಬಿಡುತ್ತಿತ್ತು. ಹೂಬಳ್ಳಿ ನೋಡಿ ನನಗೇನು ಆಗಬೇಕಿತ್ತು? ಚಿಗರಿಯ ಭಾರವೆಲ್ಲ ಮುಂದೆ, ಕೊರಳ ಕಡೆಗಿದೆ. ಅಡಿ ಭಾರವಿರದಿದ್ದರೆ ಮೂತಿ ಕೆಳಗಾಗಿ ಬೀಳುತ್ತದೆ. ಒಮ್ಮೆ ಬಿದ್ದದ್ದು ಸಾಕಾಗಿತ್ತು.

ಕೊನೆಗೆ ಮುದ್ದೇಬಿಹಾಳದಲ್ಲಿ ಸಿಕ್ಕಿತು. ಅಲ್ಲೊಂದು ಹಳೆಯ ವಾಡೆ ಕೆಡವಿದ್ದರು. ಅದರ ಸಾಗವಾನಿ ಕಂಬದ ಒಂದು ತುಂಡು ಬಡಿಗೇರ ಮುದುಕನ ಹತ್ತಿರ ಬಿದ್ದಿತ್ತು. ಕರ್ರಗೆ, ಗಂಟಿಲ್ಲದೆ, ಉಗುರು ಊರಿದರೂ ಗುರುತು ಬೀಳದ ಕಟ್ಟಿಗೆ. ನಾನು ಹುರಿ ತೆಗೆದು ಗಂಟು ತೋರಿಸಿದೆ. ಮುದುಕ ಹುರಿ ನೋಡಿದ, ನನ್ನನ್ನು ನೋಡಿದ.

"ಇಷ್ಟ ಏನು? ಕುರಿ ಮರಿ ಕುಂದ್ರಸ್ತೀಯಾ?"

"ಚಿಗರಿ."

"ಚಿಗರಿಗೆ ಇದು ಗಿಡ್ಡ ಆಕೈತೋ ತಮ್ಮಾ. ದೊಡ್ಡೋರ ಮನ್ಯಾಗ ಎದಿಮಟ ಇರ್ತಾವ."

"ನಮ್ಮದು ದೊಡ್ಡೋರ ಮನಿ ಅಲ್ಲ. ನಮ್ಮ ತೊಲಿ ಇಲ್ಲಿ ಐತಿ," ಎಂದು ತಲೆಯ ಮೇಲೆ ಕೈ ಇಟ್ಟು ತೋರಿಸಿದೆ.

ಮುದುಕ ನಕ್ಕ. "ಹಂಗಾದ್ರ ಮನಿ ನೋಡಿ ಮಾಡಸಾಕತ್ತಿ. ಶಾಣ್ಯಾ ಅದಿ," ಅಂದ. ಮೇಲೆ ಹಲಗೆ ಕೂರಿಸಿ, ಕೆಳಗೆ ತೂತಿಗೆ ಇಳಿಯುವಂಥ ದುಂಡಗಿನ ಕೂಚು ತೆಗೆದು ಕೊಟ್ಟ. ಅಡಿಗೆ ಭಾರದ್ದು ಏನಾದರೂ ನೀನೇ ನೋಡಿಕೋ ಅಂದ.

ಅಡಿಗೆ ಏನು ಎಂದು ಅವ್ವ ತೋರಿಸಿದಳು. ಅವಳ ಬೀಸುಕಲ್ಲಿನ ಮೇಲಿನ ಬಿಲ್ಲೆ. ನಡುವೆ ಕಾಳು ಹಾಕುವ ತೂತು ಇರುತ್ತದಲ್ಲ, ಅದರಲ್ಲಿ ಕಂಬದ ಕೂಚು ಅಳತೆ ಕೊಟ್ಟು ಮಾಡಿಸಿದಂತೆ ಇಳಿಯಿತು. ಒಂದು ಬೆಣೆ ಬಡಿದೆ. ಇಬ್ಬರು ತಳ್ಳಿದರೂ ಅಲುಗಲಿಲ್ಲ.

"ನೀ ಹೆಂಗ ಬೀಸ್ತೀಬೇ?" ಅಂದೆ.

"ಊರಾಗ ಗಿರಣಿ ಬಂದೈತಿ. ನನ್ನ ರಟ್ಟ್ಯಾಗ ಎಲ್ಲಿ ಕಸುವೈತಿ? ನನ್ನ ತವರುಮನಿ ಕಲ್ಲದು. ಲಗ್ನದಾಗ ನಮ್ಮಪ್ಪ ಚಕ್ಕಡ್ಯಾಗ ಹೇರಿ ಕಳಿಸಿದ್ದ. ಅಣ್ಣನ ಮಗಳು ಬರೂವಾಗ ಅದರ ಮ್ಯಾಲೆ ಚಿಗರಿ ಬರ್ತೈತಿ ಅಂದ್ರ ಮತ್ತೇನ್ ಬೇಕು?"

ಕಲ್ಲು, ಕಂಬ ಎರಡನ್ನೂ ಬಸ್ಸಿನ ಮೇಲೆ ಹೇರಿಕೊಂಡು ಬಸವನ ಬಾಗೇವಾಡಿಗೆ ಹೋಗಿ, ಅಲ್ಲಿಂದ ಹಿಪ್ಪರಗಿ ಮುಟ್ಟಿದೆ. ಮಾವನ ಪಡಸಾಲೆಯಲ್ಲಿ ಕೂಡಿಸಿ, ಚಿಗರಿಯನ್ನು ಮೇಲಿಟ್ಟು, ತಿರುಪು ಬಿಗಿದೆ. ಚೆಂದ ಕಂಡಿತು. ಅತ್ತೆ ಹೊರಬಂದು ನೋಡಿದಳು. ಮಾವನ ಮಗಳು ಒಳಗಿನ ಬಾಗಿಲ ಹಿಂದೆ ನಿಂತಿದ್ದಳು. ಮಾತಾದ ಮೇಲೆ ಹುಡುಗಿ ಎದುರಿಗೆ ಬಂದು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಬಳೆಯ ಸಪ್ಪಳವಾಯಿತು. ಆಮೇಲೆ ಅವಳ ದನಿ.

"ಅವ್ವಾ, ಇನ್ನೊಂದು ಗೇಣು ಎತ್ತರ ಇದ್ರ ಚೊಲೊ ಇತ್ತು ಅಂತ ಹೇಳು."

ನನಗೆ ನಗು ಬಂತು. ಬರುವ ಮನೆಯ ತೊಲೆ ಎಷ್ಟು ಗಿಡ್ಡ ಎಂದು ಇವಳಿಗೆ ಗೊತ್ತಿಲ್ಲ ಅಂದುಕೊಂಡೆ.

"ಅತ್ತಿ, ಒಂದು ಗೇಣು ಎತ್ತರ ಮಾಡಿದ್ರ ಕೋಡು ನಮ್ಮ ತೊಲಿಗೆ ಬಡೀತಾವ ಅಂತ ಹೇಳ್ರಿ."

ಬಳೆಯ ಸಪ್ಪಳ ಒಳಗೆ ಸರಿಯಿತು. ಅತ್ತೆ ಚಹಾ ಇಡುತ್ತೇನೆ ಎಂದು ಒಳಗೆ ಹೋದಳು. ಮಾವ ಬೀಡಿ ಹಚ್ಚಿಕೊಂಡ. ಆಗ ಹೇಳಬಹುದಿತ್ತು. ಮೂವರಲ್ಲಿ ಒಬ್ಬರಾದರೂ.

ಬೀಡಿ ಮುಗಿದ ಮೇಲೆ ಮಾವ ಅಂದ: "ಸೋಮವಾರ ಇದನ್ನ ನಿಡಗುಂದಿಗೆ ಒಯ್ಯೋದೈತಿ. ನೀನೂ ಬಾ. ಬಿಚ್ಚಿ ಕೂಡಸಾಕ ನಿನಗ ಗೊತ್ತು."

"ನಿಡಗುಂದಿಗೆ ಯಾಕ ಮಾಮಾ?"

"ಅಲ್ಲಿ ನೋಡೋರು ಅದಾರ. ಬಾ ಅಂದ್ರ ಬಾ."

ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ಹಿಡಿದಿತ್ತು. ಮಾವ ಅಲ್ಲಿಗೆ ಕಲ್ಲು ಹೊಡೆಸಿ ಕಳಿಸುತ್ತಿದ್ದ. ಯಾರೋ ಅಧಿಕಾರಿಗೆ ತೋರಿಸಿ ದೊಡ್ಡಸ್ತಿಕೆ ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲಿ ಅಂದುಕೊಂಡೆ.

ಸೋಮವಾರ ಹೋದೆವು. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಚಿಗರಿಗೆ ಕೌದಿ ಸುತ್ತಿ, ಕೋಡು ಬಡಿಯದಂತೆ ದಾರಿಯುದ್ದಕ್ಕೂ ನಾನೇ ಹಿಡಿದು ಕೂತಿದ್ದೆ. ಅದೊಬ್ಬ ಓವರ್‌ಸಿಯರರ ಮನೆ. ನಮ್ಮ ಮಂದಿಯೇ. ಹೊಸ ಮನೆ, ಕಲ್ಲಿನ ಗೋಡೆ, ಮಾಳಿಗೆ ಎಷ್ಟು ಎತ್ತರವೆಂದರೆ ಒಳಗೆ ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು. ನಾನು ಮೂಲೆಯಲ್ಲಿ ಕಲ್ಲಿಟ್ಟು, ಕಂಬ ಇಳಿಸಿ, ಬೆಣೆ ಬಡಿದು, ಚಿಗರಿ ಕೂಡಿಸಿದೆ. ನಾನು ತಿರುಪು ಬಿಗಿಯುವಷ್ಟರಲ್ಲಿ ಹಿಂದೆ ಮಂದಿ ತುಂಬಿದ್ದರು. ಅತ್ತೆಯೂ ಬೇರೆ ಚಕ್ಕಡಿಯಲ್ಲಿ ಬಂದಿದ್ದಳು, ಜೊತೆಗೆ ಹೆಣ್ಣುಮಕ್ಕಳು, ಪರಾತದಲ್ಲಿ ಕುಪ್ಪಸ, ಕಾಯಿ. ಒಬ್ಬ ಹೆಣ್ಣುಮಗಳು ಬಂದು ನನ್ನ ಬೊಗಸೆಗೆ ಸಕ್ಕರೆ ಹಾಕಿದಳು.

ನಮ್ಮ ಕಡೆ ಸಕ್ಕರೆ ಸುಮ್ಮನೆ ಹಂಚುವುದಿಲ್ಲ. ಸಂಬಂಧ ಗಟ್ಟಿಯಾದರೆ ಹಂಚುತ್ತಾರೆ.

"ಯಾರ್ದು ಇದು?" ಅಂದೆ.

"ಅಯ್ಯ, ನಮ್ಮ ಹುಡುಗಂದು. ಹಿಪ್ಪರಗಿ ಹೆಣ್ಣು. ನಿನಗ ಗೊತ್ತಿಲ್ಲೇನು? ನೀ ಅವರ ಕೂಡ ಬಂದಿಯಲ್ಲಾ?"

ನಾನು ಮಾವನ ಮುಖ ನೋಡಿದೆ. ಅವನು ಚಿಗರಿಯನ್ನು ನೋಡುತ್ತಿದ್ದ. ಓವರ್‌ಸಿಯರರೂ ನೋಡುತ್ತಿದ್ದರು. ಆ ಎತ್ತರದ ಮಾಳಿಗೆಯ ಕೆಳಗೆ ಅದು ನೀರು ಕುಡಿಯಲು ಬಗ್ಗಿದಂತೆ ಕಾಣುತ್ತಿತ್ತು.

"ಎಲ್ಲಾ ಚೊಲೊ ಐತ್ರಿ ಬೀಗ್ರ," ಅಂದರು ಓವರ್‌ಸಿಯರರು. "ಸ್ಟ್ಯಾಂಡ್ ಗಿಡ್ಡ ಆತು. ಏ ಬಡಿಗ್ಯಾ, ಅಡಿಗೆ ಎರಡು ಇಟ್ಟಂಗಿ ಕೊಡು, ನೋಡೂನು."

ಇವನು ಬಡಿಗನಲ್ಲ, ನನ್ನ ತಂಗಿಯ ಮಗ, ಎಂದು ಮಾವ ಹೇಳಲಿಲ್ಲ. ನನ್ನ ಕಡೆ ತಿರುಗಿ ಸಿಡುಕಿದ.

"ಒಂದು ಗೇಣು ಎತ್ತರ ಮಾಡು ಅಂತ ಆಕಿ ಹೇಳಿದ್ಲೋ ಇಲ್ಲೋ? ಆಕಿಗಿ ಗೊತ್ತಿತ್ತು. ಕೇಳಲಿಲ್ಲ ನೀ."

ಆಕೆಗೆ ಗೊತ್ತಿತ್ತು. ಮಾವನ ಮೇಲೆ ಬಂದ ಸಿಟ್ಟು ಆ ಮಾತಿಗೆ ತಣ್ಣಗಾಯಿತು. ಬಂದದ್ದು ಬೇರೆಯೇ ಏನೋ. ಬಾಗಿಲ ಹಿಂದೆ ನಿಂತು ಅವಳು ಈ ಮನೆಯ ಮಾಳಿಗೆ ಅಳೆದಿದ್ದಳು. ನಾನು ನಕ್ಕಿದ್ದೆ.

ಇಟ್ಟಂಗಿ ತರಲು ನಾನು ಹೋಗಲಿಲ್ಲ. ಸಕ್ಕರೆಯ ಕೈ ಮುಷ್ಟಿ ಮಾಡಿಕೊಂಡು, ಇನ್ನೊಂದು ಕೈಯಲ್ಲಿ ತಿರುಪು ಬಿಚ್ಚಿದೆ. ಚಿಗರಿಯನ್ನು ಎತ್ತಿ ಬಗಲಲ್ಲಿ ಹಿಡಿದೆ.

"ಏನ್ ಮಾಡಾಕತ್ತಿ?" ಅಂದ ಮಾವ.

"ಸ್ಟ್ಯಾಂಡ್ ನಿಮಗ ಇರ್ಲಿ. ಚಿಗರಿ ನಮ್ಮಪ್ಪಂದು."

"ಹುಚ್ಚಗಿಚ್ಚ ಹಿಡದೈತೇನು? ಬೀಗರ ಮುಂದ ಮರ್ಯಾದಿ ತಗೀತಿ?"

"ಮಗಳ ಕೂಡ ಹೊಳ್ಳಿ ಕಳಸ್ತೇನಿ ಅಂದಿದ್ದಿ ಮಾಮಾ. ಮಗಳು ಇತ್ತಾಗ ಬಂದ್ಲು. ಚಿಗರಿ ಅತ್ತಾಗ ಹೊಕ್ಕೈತಿ."

ಅವನು ನನ್ನ ತೋಳು ಹಿಡಿದ. ಓವರ್‌ಸಿಯರರು, "ಬಿಡ್ರಿ, ಯಾರಂವ? ಏನ್ ವಿಷಯ?" ಅನ್ನತೊಡಗಿದರು. ಯಾರು ಎಂದು ಹೇಳಬೇಕಾಗುತ್ತದೆ ಎಂದು ಮಾವ ಕೈ ಬಿಟ್ಟ.

ಬಸ್ಸಿನಲ್ಲಿ ಕಂಡಕ್ಟರ್ ಕೋಡು ತನ್ನ ಕಣ್ಣಿಗೆ ಚುಚ್ಚುತ್ತದೆ ಎಂದು ಬೈದ. ಆಮೇಲೆ, "ಇವರಿಗೂ ಟಿಕೀಟು ಹರೀಲೇನು?" ಎಂದು ಕೇಳಿದ. ಮಂದಿ ನಕ್ಕರು. ನಾನು ಬಾಗೇವಾಡಿ ಬರುವ ತನಕ ಮುಷ್ಟಿ ಬಿಚ್ಚಿರಲಿಲ್ಲ. ಬಿಚ್ಚಿದಾಗ ಸಕ್ಕರೆ ಬೆವರಿಗೆ ಕರಗಿ ಅಂಟಾಗಿತ್ತು. ಬಸ್ ಸ್ಟ್ಯಾಂಡಿನ ನಳದ ಕೆಳಗೆ ತೊಳೆದುಕೊಂಡೆ.

ಮನೆ ಮುಟ್ಟಿದಾಗ ಅವ್ವ ಅಂಗಳದಲ್ಲಿ ಕಾಳು ಹಸನ ಮಾಡುತ್ತಿದ್ದಳು. ನಾನು ಹೇಳುವ ಮೊದಲೇ ನನ್ನ ಬಗಲಲ್ಲಿದ್ದ ಚಿಗರಿ ನೋಡಿದಳು, ನನ್ನ ಹಿಂದೆ ದಾರಿ ನೋಡಿದಳು. ಮೊರ ಕೆಳಗಿಟ್ಟಳು. ಎಲ್ಲ ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಲಿಲ್ಲ.

"ಅಣ್ಣ ಒಂದು ಮಾತು ನನಗರೆ ಹೇಳಬೇಕಿತ್ತು," ಅಂದಳು. ಆಮೇಲೆ ಕೇಳಿದಳು, "ಕಲ್ಲು?"

"ಅಲ್ಲೇ ಬಿಟ್ಟೆ."

"ಬಿಡು. ಅಣ್ಣನ ಮನೀದು ಅಣ್ಣನ ಮಗಳಿಗೆ ಮುಟ್ಟಿತು."

ಚಿಗರಿಯನ್ನು ಜೋಳದ ಚೀಲದ ಮೇಲೆ ಇಟ್ಟೆ. ಕೋಡಿಗೂ ತೊಲೆಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು. ಅವ್ವ ಬೀಸುಕಲ್ಲಿನ ಕೆಳಗಿನ ಬಿಲ್ಲೆಯನ್ನು ಉರುಳಿಸಿಕೊಂಡು ಹೋಗಿ ಬಚ್ಚಲ ಮುಂದೆ ಹಾಕಿದಳು. ನಾನು ದಿನಾ ಅದರ ಮೇಲೆ ನಿಂತು ಕಾಲು ತೊಳೆಯುತ್ತೇನೆ. ಹಿಪ್ಪರಗಿಗೆ ಆಮೇಲೆ ನಾವಿಬ್ಬರೂ ಹೋಗಿಲ್ಲ.